ಕೆಲಸಕ್ಕೆ ಹೊರಟ ಮಗನ ಹೆಲ್ಮೆಟ್ ನೋಡಿದ್ದೀರಾ?

ಬೇಸಿಗೆ ರಜೆಯ ಒಂದು ಭಾನುವಾರ. ಅಸರ್ ನಮಾಝ್ ಮುಗಿಸಿ ಜಗುಲಿಯಲ್ಲಿ ಕುಳಿತಿದ್ದೆ. ದಬ್ಬೇಘಟ್ಟದ ನಮ್ಮ ಹಿಂದಿನ ಬೀದಿಯ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ಬಂದರು. ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಪಿಯುಸಿ ಮುಗಿಸಿ ಒಂದು ವರ್ಷ ಅಲ್ಲಿ ಇಲ್ಲಿ ಕೆಲಸ ಮಾಡಿದ್ದ. ಈಗ ಹತ್ತೊಂಬತ್ತು ತುಂಬಿದೆ. ಮರುದಿನ ಬೆಳಗಿನ ಬಸ್ಸಿಗೆ ಮಾಮುವಿನ ಜೊತೆ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೊರಟಿದ್ದ.

"ಮೊದಲ ಸಲ ಊರು ಬಿಟ್ಟು ಹೋಗ್ತಿದ್ದಾನೆ ಟೀಚರ್, ದುಆ ಮಾಡಿ" ಎಂದರು ಆ ತಾಯಿ. ಬ್ಯಾಗಿನಲ್ಲಿ ಏನೇನು ತುಂಬಿದ್ದೇನೆ ಎಂದು ತೆರೆದು ತೋರಿಸಿದರು. ಕೊಬ್ಬರಿ ಮಿಠಾಯಿ, ನಿಂಬೆಕಾಯಿ ಉಪ್ಪಿನಕಾಯಿ, ಹೊಸ ಚಾದರ, ಒಂದು ಜಾನಮಾಝ್. ಯಾವುದನ್ನೂ ಮರೆತಿರಲಿಲ್ಲ. ಬ್ಯಾಗಿನ ಹಿಡಿಗೆ ಹಳದಿ ಹೆಲ್ಮೆಟ್ಟೊಂದನ್ನು ದಾರದಲ್ಲಿ ಕಟ್ಟಿದ್ದರು.

"ಇದು ಎಲ್ಲಿಂದ?" ಎಂದು ಕೇಳಿದೆ.

"ಅವರ ಅಬ್ಬಾದು. ಹಿತ್ತಲಲ್ಲಿ ಬಿದ್ದಿತ್ತು. ಕೋಳಿಗೆ ಕಾಳು ಹಾಕೋಕೆ ಇಟ್ಕೊಂಡಿದ್ದೆ. ಸೋಪು ಹಾಕಿ ಚೆನ್ನಾಗಿ ತೊಳೆದಿದ್ದೀನಿ."

ಕೈಗೆ ತೆಗೆದುಕೊಂಡೆ. ಹೊರಗೆ ಪಳಪಳ ಹೊಳೆಯುತ್ತಿತ್ತು. ತಿರುಗಿಸಿ ನೋಡಿದರೆ ಒಳಗೆ ಏನೂ ಇರಲಿಲ್ಲ. ತಲೆಯ ಮೇಲೆ ಕೂರುವ ಪಟ್ಟಿಗಳೂ ಇಲ್ಲ, ಗಲ್ಲಕ್ಕೆ ಕಟ್ಟುವ ಪಟ್ಟಿಯೂ ಇಲ್ಲ. ಬರಿಯ ಪ್ಲಾಸ್ಟಿಕ್ ಬೋಗುಣಿ.

ನನ್ನ ಕೈ ನಡುಗಿತು. ಕಾರಣವಿದೆ.

ನನ್ನ ತಮ್ಮನೂ ಒಂದು ಕಾಲದಲ್ಲಿ ಇಂಥದ್ದೇ ಹೆಲ್ಮೆಟ್ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಸೆಕೆ ತಡೆಯಲಾಗದೆ ಒಳಪಟ್ಟಿಗಳನ್ನು ಕಿತ್ತುಹಾಕಿ, ಬದಲಿಗೆ ಟವೆಲ್ ಮಡಚಿ ಇಟ್ಟುಕೊಂಡಿದ್ದ. ಒಂದು ದಿನ ಸಾರುವೆಯ ಮೇಲಿನಿಂದ ಕಬ್ಬಿಣದ ಕ್ಲ್ಯಾಂಪೊಂದು ಬಿತ್ತು. ಅಲ್‌ಹಮ್ದುಲಿಲ್ಲಾಹ್, ಜೀವ ಉಳಿಯಿತು. ಆದರೆ ಇಂದಿಗೂ ಮಾತನಾಡುವಾಗ ನಡುವೆ ಪದ ಸಿಗದೆ ನಿಲ್ಲುತ್ತಾನೆ. ತನ್ನ ಮಗಳ ಹೆಸರು ಕರೆಯಲು ಕೂಡ ಕೆಲವೊಮ್ಮೆ ತಡವರಿಸುತ್ತಾನೆ. ಆಸ್ಪತ್ರೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಹೆಲ್ಮೆಟ್ ಇರಲಿಲ್ಲವಾ?" ಹೆಲ್ಮೆಟ್ ಇತ್ತು. ಹೆಲ್ಮೆಟ್ಟಿನ ಒಳಗೆ ಇರಬೇಕಾದ್ದು ಇರಲಿಲ್ಲ.

ಅಂದಿನಿಂದ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ, ತಿಳಿದವರನ್ನು ಕೇಳಿದೆ. ನಮ್ಮ ಮನೆಗಳಿಂದ ಎಷ್ಟೋ ಗಂಡಸರು ಗಾರೆ ಕೆಲಸ, ಸೆಂಟ್ರಿಂಗ್, ವೆಲ್ಡಿಂಗ್, ಪೇಂಟಿಂಗ್, ಟೈಲ್ಸ್ ಕೆಲಸಕ್ಕೆ ಹೋಗುತ್ತಾರೆ. ಕೆಲವರು ಗಲ್ಫ್ ದೇಶಗಳಲ್ಲೂ ಇದೇ ಕೆಲಸದಲ್ಲಿದ್ದಾರೆ. ಅವರ ಬುತ್ತಿ ಕಟ್ಟುವ ನಾವು ಅವರ ಹೆಲ್ಮೆಟ್ಟನ್ನೂ ಒಮ್ಮೆ ತಿರುಗಿಸಿ ನೋಡಬೇಡವೇ?

ಕಾಪಾಡುವುದು ಚಿಪ್ಪಲ್ಲ, ಅಂತರ

ಹೆಲ್ಮೆಟ್ ಎಂದರೆ ಗಟ್ಟಿ ಚಿಪ್ಪು ಎಂದು ನಾವು ತಿಳಿದಿದ್ದೇವೆ. ಚಿಪ್ಪು ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಚೂಪಾದ ವಸ್ತು ಒಳಗೆ ತೂರದಂತೆ ತಡೆದು, ಒಂದೇ ಕಡೆ ಬಿದ್ದ ಪೆಟ್ಟನ್ನು ಅಗಲಕ್ಕೆ ಹರಡುತ್ತದೆ. ಉಳಿದ ಕೆಲಸ ಒಳಗಿನ ಪಟ್ಟಿಗಳದ್ದು. ಪೆಟ್ಟು ಬಿದ್ದಾಗ ಅವು ಸ್ವಲ್ಪ ಹಿಗ್ಗಿ ಆ ಬಲವನ್ನು ನುಂಗಿಕೊಳ್ಳುತ್ತವೆ. ಹೀಗೆ ಹಿಗ್ಗಲು ಜಾಗ ಬೇಕು. ಆದ್ದರಿಂದಲೇ ನೆತ್ತಿಗೂ ಚಿಪ್ಪಿಗೂ ನಡುವೆ ಸುಮಾರು ಒಂದರಿಂದ ಒಂದೂಕಾಲು ಇಂಚು ಖಾಲಿ ಜಾಗ ಬಿಟ್ಟಿರುತ್ತಾರೆ. ಪಟ್ಟಿ ಕಿತ್ತು ಟವೆಲ್ ಇಟ್ಟರೆ ಆ ಜಾಗ ಹೋಯಿತು. ಚಿಪ್ಪಿನ ಮೇಲೆ ಬಿದ್ದ ಪೆಟ್ಟು ನೇರವಾಗಿ ತಲೆಬುರುಡೆಗೆ, ಅಲ್ಲಿಂದ ಕತ್ತಿನ ಮೂಳೆಗೆ ಇಳಿಯುತ್ತದೆ. ಮೊಬೈಲು, ಬೀಡಿ ಕಟ್ಟು, ಹಣದ ಪರ್ಸುಗಳನ್ನು ಕೆಲವರು ಆ ಜಾಗದಲ್ಲಿ ಇಟ್ಟುಕೊಳ್ಳುತ್ತಾರೆ. ಅದೂ ಅಷ್ಟೇ ಅಪಾಯ.

ಈ ಟೋಪಿಗೆ ನೂರು ವರ್ಷದ ಚರಿತ್ರೆ ಇದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಉಕ್ಕಿನ ಶಿರಸ್ತ್ರಾಣ ಕಂಡು ಬಂದ ಬುಲ್ಲಾರ್ಡ್ ಎಂಬ ಅಮೆರಿಕನ್ನನು 1919ರಲ್ಲಿ ಗಣಿ ಕಾರ್ಮಿಕರಿಗಾಗಿ ಒಂದು ಗಟ್ಟಿ ಟೋಪಿ ತಯಾರಿಸಿದ. ಕ್ಯಾನ್ವಾಸ್ ಬಟ್ಟೆಗೆ ಅಂಟು ಸೇರಿಸಿ ಹಬೆಯಲ್ಲಿ ಬೇಯಿಸಿ ಅದನ್ನು ಮಾಡುತ್ತಿದ್ದರು. 1933ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯ ಕೆಲಸ ಶುರುವಾದಾಗ ಕಾರ್ಮಿಕರೆಲ್ಲರೂ ಇಂಥ ಟೋಪಿ ಹಾಕಲೇಬೇಕೆಂದು ಕಡ್ಡಾಯ ಮಾಡಿದರು. ಸೇತುವೆಯ ಕೆಳಗೆ ಬಲೆಯನ್ನೂ ಕಟ್ಟಿದರು. ಆ ಬಲೆಗೆ ಬಿದ್ದು 19 ಮಂದಿ ಬದುಕಿದರು. ಆದರೆ 1937ರ ಫೆಬ್ರವರಿ 17ರಂದು ಸಾರುವೆಯೊಂದು ಕಳಚಿ ಬಲೆಯನ್ನೇ ಹರಿದುಕೊಂಡು ಹೋಗಿ ಹತ್ತು ಜನ ಸತ್ತರು. ಸುರಕ್ಷತೆಯ ವಸ್ತುಗಳು ಜೀವ ಉಳಿಸುತ್ತವೆ. ಆದರೆ ಅವುಗಳಿಗೂ ಒಂದು ಮಿತಿಯಿದೆ. ಈ ಎರಡೂ ಪಾಠಗಳನ್ನು ಆ ಸೇತುವೆ ಕಲಿಸಿತು.

ಅಂಗಡಿಯಲ್ಲಿ ಏನು ನೋಡಬೇಕು?

ಬಣ್ಣ ನೋಡಿ ಹೆಲ್ಮೆಟ್ ಕೊಳ್ಳಬೇಡಿ. ಸಾಮಾನ್ಯವಾಗಿ ಇಂಜಿನಿಯರುಗಳಿಗೆ ಬಿಳಿ, ಕೆಲಸಗಾರರಿಗೆ ಹಳದಿ ಎಂಬ ರೂಢಿ ಇದೆ. ಅದು ಒಂದೊಂದು ಕಂಪೆನಿಯಲ್ಲಿ ಒಂದೊಂದು ತರಹ. ಬಣ್ಣಕ್ಕೂ ಗಟ್ಟಿತನಕ್ಕೂ ಸಂಬಂಧವಿಲ್ಲ. ನೋಡಬೇಕಾದ್ದು ಇವು:

ಮೊದಲನೆಯದು, ಐಎಸ್‌ಐ ಗುರುತು. ಕಟ್ಟಡ ಮತ್ತು ಕಾರ್ಖಾನೆ ಕೆಲಸದ ಹೆಲ್ಮೆಟ್ಟಿಗೆ ಭಾರತೀಯ ಮಾನದಂಡದ ಸಂಖ್ಯೆ ಐಎಸ್ 2925. ಐಎಸ್‌ಐ ಗುರುತಿನ ಜೊತೆ ಈ ಸಂಖ್ಯೆ ಮತ್ತು ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಎರಡೂ ಇರಬೇಕು. ರಸ್ತೆ ಬದಿಯ ಮಾಲಿನಲ್ಲಿ ಬರಿಯ ಗುರುತನ್ನು ಅಚ್ಚು ಹಾಕಿ ಮಾರುವವರೂ ಉಂಟು. ಮೊಬೈಲಿನಲ್ಲಿ ಬಿಐಎಸ್ ಕೇರ್ ಎಂಬ ಸರ್ಕಾರಿ ಆಪ್ ಹಾಕಿಕೊಂಡು ಆ ಪರವಾನಗಿ ಸಂಖ್ಯೆ ಒತ್ತಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ಮಕ್ಕಳು ಇದನ್ನು ಎರಡು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಎರಡನೆಯದು, ತಯಾರಾದ ದಿನಾಂಕ. ಹೆಲ್ಮೆಟ್ಟಿನ ಮುಂದಿನ ಅಂಚಿನ ಕೆಳಗೆ ಗಡಿಯಾರದಂಥ ಒಂದು ಚಿಕ್ಕ ವೃತ್ತ ಇರುತ್ತದೆ. ನಡುವೆ ವರ್ಷ, ಸುತ್ತಲೂ ತಿಂಗಳ ಅಂಕಿಗಳು, ಒಂದು ಬಾಣದ ಗುರುತು. ಬಾಣ ತೋರಿಸುವುದೇ ತಯಾರಾದ ತಿಂಗಳು. ಅಂಗಡಿಯ ಮುಂದೆ ಬಿಸಿಲಿನಲ್ಲಿ ವರ್ಷಗಟ್ಟಲೆ ನೇತುಹಾಕಿದ್ದನ್ನು ತೆಗೆದುಕೊಳ್ಳಬೇಡಿ. ಬಿಸಿಲು ಪ್ಲಾಸ್ಟಿಕ್ಕನ್ನು ಒಳಗಿಂದೊಳಗೆ ಪೆಡಸು ಮಾಡುತ್ತದೆ.

ಮೂರನೆಯದು, ಬಿಗಿ ಮಾಡುವ ಕ್ರಮ. ಹಿಂದಲೆಯಲ್ಲಿ ಗುಂಡಿ ತಿರುಗಿಸಿ ಬಿಗಿ ಮಾಡುವ ಹೆಲ್ಮೆಟ್ಟಿಗೆ ಸ್ವಲ್ಪ ಬೆಲೆ ಹೆಚ್ಚು. ರಂಧ್ರಕ್ಕೆ ಮೊಳೆ ಸಿಕ್ಕಿಸುವ ಬಗೆ ಅಗ್ಗ. ಸರಿಯಾಗಿ ಕೂತರೆ ಎರಡೂ ಒಳ್ಳೆಯದೇ. ಆದರೆ ಸುಲಭವಾಗಿ ಬಿಗಿ ಮಾಡಲು ಬಂದರೆ ಹುಡುಗರು ಬಿಗಿ ಮಾಡಿಕೊಳ್ಳುತ್ತಾರೆ, ಕಷ್ಟವಾದರೆ ಹಾಗೇ ಬಿಡುತ್ತಾರೆ.

ನಾಲ್ಕನೆಯದು, ಗಲ್ಲದ ಪಟ್ಟಿ. ಇದು ಇಲ್ಲದ ಹೆಲ್ಮೆಟ್ ಬೇಡವೇ ಬೇಡ. ಬಗ್ಗಿ ಕಂಬಿ ಕಟ್ಟುವಾಗ ಕೆಳಗೆ ಬೀಳುವ ಹೆಲ್ಮೆಟ್ ಇದ್ದೂ ಇಲ್ಲದಂತೆ. ಮೇಲಿನಿಂದ ಮನುಷ್ಯನೇ ಬಿದ್ದರೆ, ತಲೆ ನೆಲಕ್ಕೆ ತಾಗುವ ಮೊದಲೇ ಅದು ಹಾರಿ ಹೋಗಿರುತ್ತದೆ.

ಇನ್ನೊಂದು ಮಾತು. ಬೈಕಿನ ಹೆಲ್ಮೆಟ್ ಬೇರೆ, ಕೆಲಸದ ಹೆಲ್ಮೆಟ್ ಬೇರೆ. ಬೈಕಿನದ್ದಕ್ಕೆ ಐಎಸ್ 4151 ಎಂಬ ಸಂಖ್ಯೆ. ತುರುವೇಕೆರೆ ರಸ್ತೆಯಲ್ಲಿ ಸೈಟಿನ ಹಳದಿ ಹೆಲ್ಮೆಟ್ ಹಾಕಿಕೊಂಡು ಬೈಕ್ ಓಡಿಸುವ ಹುಡುಗರನ್ನು ನೀವೂ ನೋಡಿರಬಹುದು. ಅದು ಮೇಲಿನಿಂದ ಬೀಳುವ ವಸ್ತುವಿಗೆಂದು ಮಾಡಿದ್ದು. ರಸ್ತೆಗೆ ಉಜ್ಜಿಕೊಂಡು ಬೀಳುವ ತಲೆಯನ್ನು ಅದು ಕಾಯುವುದಿಲ್ಲ.

ಮನೆಯಲ್ಲೇ ಐದು ನಿಮಿಷದ ಪರೀಕ್ಷೆ

ತಿಂಗಳಿಗೊಮ್ಮೆ ಮಗನೋ ಗಂಡನೋ ಊರಿಗೆ ಬಂದಾಗ ಹೆಲ್ಮೆಟ್ ತರಲು ಹೇಳಿ. ಬೆಳಕಿನಲ್ಲಿ ಕುಳಿತು ಹೀಗೆ ನೋಡಿ:

ಚಿಪ್ಪಿನ ಮೇಲೆ ಕೂದಲೆಳೆಯಷ್ಟು ಬಿರುಕೂ ಇರಬಾರದು. ಬಣ್ಣ ಮಾಸಿ, ಬೆರಳು ಉಜ್ಜಿದರೆ ಸುಣ್ಣದಂಥ ಪುಡಿ ಅಂಟಿದರೆ ಅದರ ಆಯುಷ್ಯ ಮುಗಿದಂತೆ. ಎರಡೂ ಕೈಯಲ್ಲಿ ಹಿಡಿದು ಪಕ್ಕಗಳನ್ನು ಮೆಲ್ಲಗೆ ಅದುಮಿ. ಕಿರಕಿರ ಸದ್ದು ಬಂದರೆ ಬದಲಾಯಿಸಿ.

ಒಳಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡಿ. ಹೊಲಿಗೆ ಬಿಟ್ಟಿದೆಯೇ? ಚಿಪ್ಪಿಗೆ ಸಿಕ್ಕಿಸುವ ಕೊಕ್ಕೆ ಮುರಿದಿದೆಯೇ? ಒಂದು ಕೊಕ್ಕೆ ಮುರಿದರೂ ಇಡೀ ಬಲೆ ವಾಲುತ್ತದೆ. ಒಳಪಟ್ಟಿಗಳನ್ನು ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಬದಲಾಯಿಸಿ ಎಂದು ಹಲವು ತಯಾರಕರು ಹೇಳುತ್ತಾರೆ. ಚಿಪ್ಪಿನ ಅವಧಿ ಎಷ್ಟೆಂದು ಅದರ ಜೊತೆ ಬರುವ ಚೀಟಿಯಲ್ಲಿರುತ್ತದೆ. ಚೀಟಿಯನ್ನು ಎಸೆಯಬೇಡಿ.

ತಲೆಗೆ ಹಾಕಿಸಿ, ಗಲ್ಲದ ಪಟ್ಟಿ ಬಿಟ್ಟು, ನೆಲ ನೋಡುವಂತೆ ಬಗ್ಗಲು ಹೇಳಿ. ಆಗಲೂ ಹೆಲ್ಮೆಟ್ ಬೀಳಬಾರದು. ಹುಬ್ಬಿನ ಸ್ವಲ್ಪ ಮೇಲೆ ನೇರವಾಗಿ ಕೂರಬೇಕು. ಹಿಂದಕ್ಕೆ ವಾಲಿಸಿ, ಹಣೆ ತೋರಿಸಿ ಹಾಕುವುದು ಹುಡುಗರಿಗೆ ಶೋಕಿ. ಅಪಾಯವೂ ಅಲ್ಲೇ.

ಒಮ್ಮೆ ಜೋರಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು, ಹೊರಗೆ ಏನೂ ಕಾಣದಿದ್ದರೂ, ಮತ್ತೆ ಬಳಸಬಾರದು. ಅದು ತನ್ನ ಕೆಲಸವನ್ನು ಮಾಡಿ ಮುಗಿಸಿದೆ. ಎಸೆಯುವಾಗ ಎರಡು ತುಂಡು ಮಾಡಿ ಎಸೆಯಿರಿ. ಇಲ್ಲದಿದ್ದರೆ ಇನ್ಯಾರದ್ದೋ ಮಗ ಅದನ್ನು ಹೆಕ್ಕಿ ಹಾಕಿಕೊಂಡಾನು.

ತೊಳೆಯಲು ಸಾಬೂನು ಮತ್ತು ನೀರು ಸಾಕು. ಪೆಟ್ರೋಲ್, ಥಿನ್ನರ್ ಮುಟ್ಟಿಸಬೇಡಿ. ಮೇಲೆ ಪೇಂಟ್ ಬಳಿಯುವುದು, ಗಾಳಿಗೆಂದು ತೂತು ಕೊರೆಯುವುದು ಎರಡೂ ಕೂಡದು.

ಟೋಪಿ, ರುಮಾಲು, ಸೆರಗು

"ಹೆಲ್ಮೆಟ್ಟಿನ ಕೆಳಗೆ ಟೋಪಿ ಹಾಕಬಹುದಾ?" ಎಂದು ಹಲವರು ಕೇಳುತ್ತಾರೆ. ತೆಳುವಾದ ಹತ್ತಿಯ ನೂಲಿನ ಟೋಪಿ ತಲೆಗೆ ಅಂಟಿಕೊಂಡು ಕೂರುವಂತಿದ್ದರೆ ತೊಂದರೆಯಿಲ್ಲ. ಬೆವರನ್ನೂ ಹೀರುತ್ತದೆ. ಅದನ್ನು ಹಾಕಿಕೊಂಡ ಮೇಲೆಯೇ ಹೆಲ್ಮೆಟ್ಟಿನ ಅಳತೆ ಬಿಗಿ ಮಾಡಬೇಕು. ದಪ್ಪ ಅಂಚಿನ ಮಖ್ಮಲ್ ಟೋಪಿ, ಕಸೂತಿಯ ಗಟ್ಟಿ ಟೋಪಿ, ಸುತ್ತಿದ ರುಮಾಲುಗಳು ಬೇಡ. ಅವು ನಡುವಿನ ಜಾಗವನ್ನು ತಿನ್ನುತ್ತವೆ. ಅವನ್ನು ಬ್ಯಾಗಿನಲ್ಲಿಟ್ಟುಕೊಂಡು ನಮಾಝಿಗೆ ಹಾಕಿಕೊಂಡರಾಯಿತು.

ಕಟ್ಟಡ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳೂ ಇದ್ದಾರೆ. ಸ್ಕಾರ್ಫನ್ನು ಒಂದೇ ಸುತ್ತು ಚಪ್ಪಟೆಯಾಗಿ ಸುತ್ತಿ, ನೆತ್ತಿಯ ಮೇಲೆ ಗಂಟು, ಪಿನ್ನು ಬರದಂತೆ, ತುದಿಗಳನ್ನು ಅಂಗಿಯೊಳಗೆ ಸೇರಿಸಿಕೊಂಡರೆ ಹೆಲ್ಮೆಟ್ ಚೆನ್ನಾಗಿ ಕೂರುತ್ತದೆ. ಕೂದಲನ್ನು ತುರುಬು ಕಟ್ಟುವವರು ಕತ್ತಿನ ಹತ್ತಿರ ಕೆಳಗೆ ಕಟ್ಟಬೇಕು.

ಆದರೆ ತಲೆಯ ಮೇಲೆ ಸಿಂಬೆ ಇಟ್ಟು ಬಾಂಡಲಿ ಹೊರುವ ಹೆಂಗಸು ಹೆಲ್ಮೆಟ್ ಹಾಕುವುದೆಲ್ಲಿ? ಅವಳ ತಲೆಗೆ ರಕ್ಷಣೆ ಕೊಡಬೇಕಾದ್ದು ಕೆಲಸ ಹಂಚುವ ಮೇಸ್ತ್ರಿ. ಮೇಲೆ ಜನ ಕೆಲಸ ಮಾಡುವಾಗ ಕೆಳಗೆ ಅವಳನ್ನು ಓಡಾಡಿಸಬಾರದು. ಸಾಮಾನು ಸಾಗಿಸಲು ಕೈಗಾಡಿ ಇಲ್ಲವೇ ಲಿಫ್ಟ್ ಬಳಸಬೇಕು. ಹೊರುವ ದಾರಿಯ ಮೇಲೆ ಹಲಗೆಯ ಮರೆ ಕಟ್ಟಬೇಕು.

ಹೆಲ್ಮೆಟ್ಟಿಗೂ ಮಿತಿಯಿದೆ

ನಮ್ಮ ತೆಂಗಿನ ಸೀಮೆಯಲ್ಲಿ ಒಂದು ಲೆಕ್ಕ ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಯುರೋಪಿನ ಮಾನದಂಡದ ಪ್ರಕಾರ ಹೆಲ್ಮೆಟ್ಟಿನ ಮೇಲೆ ಐದು ಕಿಲೋ ತೂಕವನ್ನು ಒಂದು ಮೀಟರ್ ಎತ್ತರದಿಂದ ಬಿಟ್ಟು ಪರೀಕ್ಷಿಸುತ್ತಾರೆ. ತೂಕವನ್ನು ಎತ್ತರದಿಂದ ಗುಣಿಸಿದರೆ ಐದು. ಅರ್ಧ ಕಿಲೋ ಸ್ಪ್ಯಾನರ್ ಒಂಬತ್ತು ಮೀಟರ್, ಎಂದರೆ ಮೂರನೆಯ ಮಹಡಿಯ ಎತ್ತರದಿಂದ ಬಿದ್ದರೆ ಗುಣಲಬ್ಧ ನಾಲ್ಕೂವರೆ. ನೆತ್ತಿಯ ಮೇಲೆ ಬಿದ್ದರೆ ಒಳ್ಳೆಯ ಹೆಲ್ಮೆಟ್ ತಡೆದೀತು. ಈಗ ಮಟ್ಟೆಸಹಿತ ಒಂದೂಕಾಲು ಕಿಲೋ ತೂಗುವ ತೆಂಗಿನಕಾಯಿ ಹದಿನೈದು ಮೀಟರ್ ಎತ್ತರದ ಮರದಿಂದ ಬಿದ್ದರೆ? ಹದಿನೆಂಟೂ ಮುಕ್ಕಾಲು. ಪರೀಕ್ಷೆಯ ಮೂರು ಪಟ್ಟಿಗೂ ಹೆಚ್ಚು. ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಅರವತ್ತು ಕಿಲೋಮೀಟರ್ ದಾಟಿರುತ್ತದೆ.

ಆದ್ದರಿಂದ ಕಾಯಿ ಇಳಿಸುವಾಗ ಹೆಲ್ಮೆಟ್ ಇದೆ ಎಂದು ಮರದ ಬುಡದಲ್ಲಿ ನಿಲ್ಲಬಾರದು. ಒಣ ಸೋಗೆಯೋ ಎಳೆ ಹರಳೋ ಬಿದ್ದರೆ ಹೆಲ್ಮೆಟ್ ಕಾಪಾಡಬಹುದು. ಬಲಿತ ಕಾಯಿಯಿಂದ ಕಾಪಾಡುವುದು ದೂರ ಮಾತ್ರ. ದೋಟಿಯಲ್ಲಿ ಕಾಯಿ ಕೀಳುವವರು ಮೊದಲು ತಲೆ ಎತ್ತಿ ಕರೆಂಟ್ ತಂತಿ ಎಲ್ಲಿದೆ ನೋಡಬೇಕು. ಅಲ್ಯೂಮಿನಿಯಂ ದೋಟಿ ತಂತಿಗೆ ತಾಗಿದರೆ ಯಾವ ಹೆಲ್ಮೆಟ್ಟೂ ಪ್ರಯೋಜನಕ್ಕೆ ಬಾರದು. ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯು ಯಂತ್ರದ ಸಹಾಯದಿಂದ ಹತ್ತುವ ತರಬೇತಿಯನ್ನೂ ಕೇರ ಸುರಕ್ಷಾ ಎಂಬ ವಿಮೆಯನ್ನೂ ರೂಪಿಸಿದೆ. ತಿಪಟೂರು ಬಳಿಯ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಎತ್ತರದ ಕಟ್ಟಡದಲ್ಲೂ ಇದೇ ಮಾತು. ಬೀಳುವ ಮನುಷ್ಯನನ್ನು ಹೆಲ್ಮೆಟ್ ಹಿಡಿದು ನಿಲ್ಲಿಸುವುದಿಲ್ಲ. ಅದಕ್ಕೆ ಬೆಲ್ಟ್ ಬೇಕು. ಸೊಂಟಕ್ಕೆ ಮಾತ್ರ ಕಟ್ಟುವ ಹಳೆಯ ಬೆಲ್ಟ್ ಅಲ್ಲ. ಬಿದ್ದ ಎಳೆತಕ್ಕೆ ಅದು ಬೆನ್ನುಮೂಳೆಯನ್ನೂ ಹೊಟ್ಟೆಯ ಒಳಭಾಗವನ್ನೂ ಘಾಸಿ ಮಾಡುತ್ತದೆ. ಹೆಗಲು, ಎದೆ, ತೊಡೆಗಳನ್ನೆಲ್ಲ ಸುತ್ತುವ ಪೂರ್ತಿ ಮೈಯ ಬೆಲ್ಟ್ ಬೇಕು. ಅದರ ಮಾನದಂಡ ಐಎಸ್ 3521. ಕೊಕ್ಕೆಯನ್ನು ತಲೆಗಿಂತ ಮೇಲಿರುವ ಗಟ್ಟಿ ಆಧಾರಕ್ಕೆ ಸಿಕ್ಕಿಸಬೇಕು, ಅಲುಗಾಡುವ ಸಾರುವೆಯ ಕಂಬಕ್ಕಲ್ಲ. ಎರಡು ಕೊಕ್ಕೆಯ ಹಗ್ಗವಿದ್ದರೆ ಜಾಗ ಬದಲಿಸುವಾಗಲೂ ಒಂದು ಸಿಕ್ಕಿಕೊಂಡೇ ಇರುತ್ತದೆ. ಬಿದ್ದು ನೇತಾಡುತ್ತಿರುವವನನ್ನು ಕೆಲವೇ ನಿಮಿಷಗಳಲ್ಲಿ ಕೆಳಗಿಳಿಸಬೇಕು. ಪಟ್ಟಿಗಳು ತೊಡೆಯ ರಕ್ತ ತಡೆದು ಪ್ರಜ್ಞೆ ತಪ್ಪಬಹುದು. ಒಮ್ಮೆ ಬಿದ್ದವನನ್ನು ಹಿಡಿದ ಬೆಲ್ಟನ್ನು ಮತ್ತೆ ಬಳಸುವಂತಿಲ್ಲ.

ಕಾಲು, ಕೈ, ಕಣ್ಣು, ಉಸಿರು

ಕಾಲಿಗೆ: ಹವಾಯಿ ಚಪ್ಪಲಿಯಲ್ಲಿ ಸೈಟಿಗೆ ಹೋಗುವುದನ್ನು ನಿಲ್ಲಿಸಿ. ಬೆರಳ ಮೇಲೆ ಉಕ್ಕಿನ ಟೊಪ್ಪಿಗೆ ಇರುವ ಸೇಫ್ಟಿ ಶೂ ಬೇಕು. ಮಾನದಂಡ ಐಎಸ್ 15298. ಸೆಂಟ್ರಿಂಗ್ ಹಲಗೆಯ ಮೊಳೆ ಅಂಗಾಲಿಗೆ ಚುಚ್ಚದಂತೆ ಅಡಿಯಲ್ಲಿ ತಗಡಿನ ಪದರ ಇರುವುದನ್ನು ಕೇಳಿ ಕೊಳ್ಳಿ. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿರುವಾಗ, ಕಾಲುಚೀಲ ಹಾಕಿಕೊಂಡು ಅಳತೆ ನೋಡಬೇಕು.

ಕೈಗೆ: ಹಸಿ ಸಿಮೆಂಟು ಚರ್ಮವನ್ನು ಸುಡುತ್ತದೆ. ಕೂಡಲೇ ಉರಿಯದೆ, ಗಂಟೆಗಳ ನಂತರ ಹುಣ್ಣಾಗಿ ಕಾಣುತ್ತದೆ. ಸಿಮೆಂಟು ಕಲಸುವವರಿಗೆ ರಬ್ಬರ್ ಕೈಗವಸು, ಕಂಬಿ ಮತ್ತು ಕಲ್ಲು ಎತ್ತುವವರಿಗೆ ಚರ್ಮದ ಕೈಗವಸು. ಆದರೆ ತಿರುಗುವ ಡ್ರಿಲ್ ಯಂತ್ರದ ಮುಂದೆ ಕೈಗವಸು ಹಾಕಬಾರದು, ಬಟ್ಟೆ ಸುತ್ತಿಕೊಂಡು ಬೆರಳನ್ನೇ ಎಳೆಯುತ್ತದೆ.

ಕಣ್ಣಿಗೆ: ಟೈಲ್ಸ್, ಗ್ರಾನೈಟ್ ಕತ್ತರಿಸುವಾಗ ಪಕ್ಕವೂ ಮುಚ್ಚುವ ಕನ್ನಡಕ ಬೇಕು. ವೆಲ್ಡಿಂಗಿಗೆ ತಂಪು ಕನ್ನಡಕ ಸಾಲದು, ಅದಕ್ಕೆಂದೇ ಇರುವ ಕಪ್ಪು ಗಾಜಿನ ಮುಖವಾಡವೇ ಬೇಕು. ಹಗಲು ವೆಲ್ಡಿಂಗ್ ಬೆಳಕು ನೋಡಿದವನಿಗೆ ರಾತ್ರಿ ಕಣ್ಣಲ್ಲಿ ಮರಳು ಸುರಿದಂತೆ ನೋವು ಬರುತ್ತದೆ. ಅಂಗಡಿಯ ಮುಂದೆ ನಿಂತು ನೋಡುವ ಮಕ್ಕಳಿಗೂ ಇದೇ ಗತಿ. ಕಣ್ಣಿಗೆ ಸಿಮೆಂಟೋ ಸುಣ್ಣವೋ ಬಿದ್ದರೆ ಎಣ್ಣೆ, ತುಪ್ಪ, ಎದೆಹಾಲು ಯಾವುದೂ ಬೇಡ. ಶುದ್ಧ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಬಿಡದೆ ತೊಳೆದು, ನೇರ ಆಸ್ಪತ್ರೆಗೆ ಹೋಗಬೇಕು.

ಉಸಿರಿಗೆ: ಕಲ್ಲು ಕತ್ತರಿಸಿದ ಧೂಳು ಶ್ವಾಸಕೋಶದಲ್ಲಿ ಕುಳಿತು ಸಿಲಿಕೋಸಿಸ್ ಎಂಬ ಗುಣವಾಗದ ರೋಗ ತರುತ್ತದೆ. ಮುಖಕ್ಕೆ ಕಟ್ಟಿದ ಕರ್ಚೀಫು ಇದನ್ನು ತಡೆಯದು. ಮೂಗಿನ ಮೇಲೆ ಒತ್ತಿ ಕೂರುವ ಫಿಲ್ಟರ್ ಮಾಸ್ಕ್ ಬೇಕು. ಇಲ್ಲಿ ನಮ್ಮವರು ತಿಳಿಯಬೇಕಾದ ಒಂದು ವಿಷಯವಿದೆ. ಗಡ್ಡ ಇದ್ದವರ ಮುಖಕ್ಕೆ ಇಂಥ ಮಾಸ್ಕ್ ಅಂಟಿ ಕೂರುವುದಿಲ್ಲ, ಪಕ್ಕದಿಂದ ಧೂಳು ನುಗ್ಗುತ್ತದೆ. ಮುಖಕ್ಕೆ ಅಂಟಿಕೊಳ್ಳದೆ ತಲೆಯನ್ನೇ ಮುಚ್ಚಿ, ಬ್ಯಾಟರಿಯಿಂದ ಶುದ್ಧ ಗಾಳಿ ಊದುವ ಮುಸುಕುಗಳಿವೆ, ಆದರೆ ಅವು ದುಬಾರಿ. ದೊಡ್ಡ ಕಂಪೆನಿಯಾದರೆ ಕೇಳಬಹುದು. ಸಣ್ಣ ಕೆಲಸದಲ್ಲಿ ಧೂಳೇ ಏಳದಂತೆ ನೀರು ಹಾಯಿಸುತ್ತ ಕತ್ತರಿಸುವುದು, ಗಾಳಿ ಬರುವ ದಿಕ್ಕಿಗೆ ನಿಲ್ಲುವುದು ಒಳ್ಳೆಯದು. ಕೆಲಸದ ಬಟ್ಟೆಯನ್ನು ಮನೆಯೊಳಗೆ ಕೊಡವಬೇಡಿ. ನೆನೆಸಿ, ಮಕ್ಕಳ ಬಟ್ಟೆಯಿಂದ ಬೇರೆಯಾಗಿ ತೊಳೆಯಿರಿ.

ಸೆಕೆಯ ಬಗ್ಗೆಯೂ ಹೇಳಬೇಕು. ಪಟ್ಟಿ ಕೀಳುವುದು, ಹೆಲ್ಮೆಟ್ ಬಿಚ್ಚಿಡುವುದು ಎಲ್ಲಕ್ಕೂ ಮೂಲ ಅದೇ. ಗಾಳಿ ಕಿಂಡಿ ಇರುವ ಹೆಲ್ಮೆಟ್ ಕೊಳ್ಳಬಹುದು, ಆದರೆ ಕರೆಂಟ್ ಕೆಲಸದವರು ಕಿಂಡಿ ಇಲ್ಲದ್ದನ್ನೇ ಕೊಳ್ಳಬೇಕು. ನೆರಳಿನಲ್ಲಿ ಕುಳಿತಾಗ ಬಿಚ್ಚಿ ಆರಿಸಿಕೊಳ್ಳಲಿ. ರಮಝಾನಿನಲ್ಲಿ ಉಪವಾಸ ಇರುವವರು ಭಾರದ ಕೆಲಸವನ್ನು ಮುಂಜಾನೆಗೆ ಇಟ್ಟುಕೊಳ್ಳಲು ಮೇಸ್ತ್ರಿಯನ್ನು ಮೊದಲೇ ಕೇಳಲಿ. ತಲೆ ಸುತ್ತುವಾಗ ಎತ್ತರ ಹತ್ತಲೇಬಾರದು.

ಇನ್ನು ನಮ್ಮ ಸುತ್ತಿನ ನಾರಿನ ಫ್ಯಾಕ್ಟರಿಗಳಲ್ಲಿ ದುಡಿಯುವ ಸಹೋದರಿಯರಿಗೆ ಒಂದು ಮಾತು. ಅಲ್ಲಿ ತಲೆಗಿಂತ ದುಪಟ್ಟಾ, ಸೆರಗು, ಜಡೆಗಳಿಗೇ ಹೆಚ್ಚು ಅಪಾಯ. ತಿರುಗುವ ಬೆಲ್ಟು ಒಂದು ಎಳೆ ಹಿಡಿದರೆ ಸಾಕು. ಯಂತ್ರದ ಹತ್ತಿರ ಜೋತಾಡುವ ಬುರ್ಖಾ, ದುಪಟ್ಟಾ, ಬಳೆ ಬೇಡ. ಮೈಗೆ ಒಪ್ಪುವ ಉದ್ದ ತೋಳಿನ ಅಂಗಿ, ಪಿನ್ನಿಲ್ಲದೆ ಬಿಗಿಯಾಗಿ ಸುತ್ತಿದ ಸ್ಕಾರ್ಫ್ ಇದ್ದರೆ ಮರ್ಯಾದೆಯೂ ಉಳಿಯಿತು, ಜೀವವೂ ಉಳಿಯಿತು. ಬೆಲ್ಟಿಗೆ ಕಬ್ಬಿಣದ ಮುಚ್ಚಳ ಹಾಕಿಸುವುದು ಮಾಲೀಕರ ಜವಾಬ್ದಾರಿ. ಕೇಳಲು ಹಿಂಜರಿಯಬೇಡಿ.

ಹಣ ಕೊಡಬೇಕಾದವರು ಯಾರು?

"ಹೆಲ್ಮೆಟ್ಟು, ಶೂ ಕೊಟ್ಟು ಮೊದಲ ವಾರದ ಸಂಬಳದಲ್ಲಿ ಹಿಡಿದುಕೊಂಡರು" ಎಂಬ ದೂರು ಕೇಳುತ್ತಲೇ ಇರುತ್ತೇವೆ. ಅದು ಸರಿಯಲ್ಲ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಪ್ರತ್ಯೇಕ ಕಾಯ್ದೆ ಬಂದಿತ್ತು. ಈಗ ಅದರ ಜಾಗದಲ್ಲಿ 2020ರ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಾಗಿದೆ. ಸುರಕ್ಷತೆಗಾಗಿ ಕೊಡುವ ಯಾವುದಕ್ಕೂ ಮಾಲೀಕ ಕಾರ್ಮಿಕನಿಂದ ಹಣ ಪಡೆಯುವಂತಿಲ್ಲ ಎಂದು ಈ ಸಂಹಿತೆ ಹೇಳುತ್ತದೆ. ಕೊಟ್ಟದ್ದನ್ನು ಧರಿಸುವುದು ಕಾರ್ಮಿಕನ ಕರ್ತವ್ಯ.

ಇನ್ನೊಂದು ಕೆಲಸ ತಪ್ಪದೆ ಮಾಡಿಸಿ. ಕರ್ನಾಟಕದಲ್ಲಿ 2007ರಲ್ಲಿ ರಚನೆಯಾದ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. 18ರಿಂದ 60 ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಹೆಸರು ನೋಂದಾಯಿಸಬಹುದು. ಅಪಘಾತವಾದಾಗ ನೆರವು, ಮಕ್ಕಳ ಓದಿಗೆ ಸಹಾಯಧನ ಇದರ ಮೂಲಕ ಸಿಗುತ್ತದೆ. ನನ್ನ ತಮ್ಮನ ಹೆಸರು ನೋಂದಣಿಯಾಗಿರಲಿಲ್ಲ. ಅವನ ಚಿಕಿತ್ಸೆಗೆ ಅಮ್ಮಿಯ ಬಳೆ ಹೋಯಿತು.

ಕಾನೂನು ನೋಡದ ಜಾಗವೂ ಒಂದಿದೆ. ಸ್ವಂತ ವಾಸಕ್ಕೆ ಕಟ್ಟಿಸುವ ಸಣ್ಣ ಮನೆಗಳನ್ನು ಅದು ಹೊರಗಿಟ್ಟಿದೆ. ಅಲ್ಲಿ ಮಾಲೀಕರು ಯಾರು? ನಾವೇ. ಗಲ್ಫಿನಿಂದ ಮಗ ಕಳಿಸಿದ ಹಣದಲ್ಲೋ ಕೊಬ್ಬರಿ ಮಾರಿದ ಹಣದಲ್ಲೋ ಮನೆ ಕಟ್ಟಿಸುವಾಗ, ಟೈಲ್ಸಿನ ಬಣ್ಣ ಆರಿಸಲು ನಾಲ್ಕು ಅಂಗಡಿ ಸುತ್ತುತ್ತೇವೆ. ಮೌಲ್ಡ್ ಹಾಕಿದ ದಿನ ಬಿರಿಯಾನಿ ಮಾಡಿ ಬಡಿಸುತ್ತೇವೆ. ಬರಿ ತಲೆಯಲ್ಲಿ, ಬರಿಗಾಲಲ್ಲಿ ನಮ್ಮ ತಾರಸಿಯ ಮೇಲೆ ನಿಂತವನಿಗೆ ಹೆಲ್ಮೆಟ್ ಕೊಡಬೇಕೆಂದು ಮಾತ್ರ ಹೊಳೆಯುವುದಿಲ್ಲ. ಎಂಟು ಹತ್ತು ಹೆಲ್ಮೆಟ್ ಕೊಳ್ಳುವ ಖರ್ಚು ಮನೆಯ ಲೆಕ್ಕದಲ್ಲಿ ಎಷ್ಟು? ಕೆಲಸ ಮುಗಿದ ಮೇಲೆ ಅದೇ ಹೆಲ್ಮೆಟ್ಟುಗಳನ್ನು ಊರಿನಲ್ಲಿ ಮುಂದೆ ಮನೆ ಕಟ್ಟಿಸುವವರಿಗೆ ಪರೀಕ್ಷಿಸಿ ಕೊಡಬಹುದು. ಮಸೀದಿ ಕಮಿಟಿಗಳು, ಮಹಿಳಾ ಸ್ವಸಹಾಯ ಸಂಘಗಳು ಇಂಥದ್ದನ್ನು ಸುಲಭವಾಗಿ ಮಾಡಬಲ್ಲವು.

ನಸೀಬು ಎನ್ನುವವರಿಗೆ

"ನಸೀಬಿನಲ್ಲಿ ಇದ್ದದ್ದು ಆಗಿಯೇ ಆಗುತ್ತದೆ, ಹೆಲ್ಮೆಟ್ ಏನು ಮಾಡೀತು?" ಎನ್ನುವವರು ನಮ್ಮಲ್ಲಿ ಇದ್ದಾರೆ. ನನ್ನ ತಮ್ಮನೂ ಹಾಗೇ ಹೇಳುತ್ತಿದ್ದ. ತವಕ್ಕುಲ್ ಎಂದರೆ ಕೈಲಾದದ್ದನ್ನು ಮಾಡಿ, ಫಲವನ್ನು ಅಲ್ಲಾಹನಿಗೆ ಒಪ್ಪಿಸುವುದು. ಕೈಲಾದದ್ದನ್ನು ಬಿಟ್ಟು ಕೂರುವುದಕ್ಕೆ ಆ ಹೆಸರಲ್ಲ. ಜೀವ ನಮ್ಮ ಕೈಗೆ ಕೊಟ್ಟ ಅಮಾನತ್. ಒಂಟೆಯನ್ನು ಮೊದಲು ಕಟ್ಟಬೇಕೆಂದು ಮದ್ರಸದ ಚಿಕ್ಕ ಮಕ್ಕಳಿಗೂ ಗೊತ್ತು. ಗಲ್ಲದ ಪಟ್ಟಿ ಕಟ್ಟುವುದೂ ಅಂಥದ್ದೇ.

ಆ ಭಾನುವಾರ ಸಂಜೆ ನಾನು ಹುಡುಗನಿಗೆ ಹೇಳಿದೆ: "ಬೇಟಾ, ಇದನ್ನು ಕೋಳಿಗೇ ಬಿಡು. ನಾಳೆ ಸೈಟಿಗೆ ಹೋದ ಕೂಡಲೇ ಹೊಸದು ಕೇಳು. ಅವರು ಕೊಡುವವರೆಗೆ ಮೇಲೆ ಹತ್ತಬೇಡ."

"ಕೇಳಿದರೆ ಕೆಲಸದಿಂದ ಕಳಿಸಿಬಿಟ್ಟರೆ ಟೀಚರ್?" ಎಂದ.

ಅದು ನ್ಯಾಯವಾದ ಪ್ರಶ್ನೆ. ನನಗೂ ಕೂಡಲೇ ಉತ್ತರ ಬರಲಿಲ್ಲ. ಅವನ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಪರ್ಸಿನಿಂದ ನೋಟು ತೆಗೆದು ಅವನ ಜೇಬಿಗೆ ತುರುಕಿದರು. "ಮೊದಲು ಕೇಳು. ಕೊಡಲಿಲ್ಲ ಅಂದ್ರೆ ಇದರಲ್ಲಿ ತಗೋ. ಅದೂ ಆಗಲ್ಲ ಅಂದ್ರೆ ವಾಪಸ್ ಬಸ್ ಹತ್ತಿ ಮನೆಗೆ ಬಾ. ಮನೇಲಿ ರಾಗಿ ಇದೆ."

ಈಗ ಆ ಹುಡುಗ ತಿಂಗಳಿಗೊಮ್ಮೆ ಊರಿಗೆ ಬರುತ್ತಾನೆ. ಬಂದ ದಿನ ಅವನ ತಾಯಿ ಮೊದಲು ಹೆಲ್ಮೆಟ್ಟನ್ನು ತಿರುಗಿಸಿ, ಒಳಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡುತ್ತಾರಂತೆ. "ಅಮ್ಮಿ ನನ್ನ ಮುಖ ಆಮೇಲೆ ನೋಡೋದು" ಎಂದು ಅವನು ನಗುತ್ತಾನೆ.

ಸಹೋದರಿಯರೇ, ಇಂದು ನಿಮ್ಮ ಮನೆಯವರು ಕೆಲಸದಿಂದ ಬಂದಾಗ ನೀವೂ ಒಮ್ಮೆ ನೋಡಿ. ಹೊರಗಲ್ಲ, ಒಳಗೆ. ದುಡಿಯಲು ಹೋದ ಪ್ರತಿಯೊಬ್ಬರನ್ನೂ ಅಲ್ಲಾಹನು ಸುರಕ್ಷಿತವಾಗಿ ಮನೆಗೆ ಮರಳಿಸಲಿ. ಆಮೀನ್.